ತೋಟಕ್ಕೆ ಹಳೇ ಫೋರ್ ವೀಲ್ ಜೀಪು ಕೊಂಡಿದ್ದು: ನನ್ನ ಅನುಭವ

ಕೊಡಗಿನ ಶಾಂತಳ್ಳಿ ಕಡೆಯ ಮಳೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ನಮ್ಮ ಕಾಫಿ ತೋಟ ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ. ದಾರಿ ಪೂರಾ ಕೆಂಪು ಮಣ್ಣು. ಎರಡು ಕಡೆ ಕಡಿದಾದ ಏರು, ನಡುವೆ ಒಂದು ತೋಡು. ಬೇಸಿಗೆಯಲ್ಲಿ ಪಿಕಪ್ ಬರುತ್ತೆ. ಮಳೆ ಶುರುವಾದರೆ ಗೊಬ್ಬರದ ಚೀಲ ತಲೆ ಮೇಲೇ ಹೋಗಬೇಕು.

2021ರ ಮಳೆಗಾಲದಲ್ಲಿ ನಮ್ಮ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಹೆಣ್ಣುಮಗಳೊಬ್ಬಳಿಗೆ ರಾತ್ರಿ ಹೆರಿಗೆ ನೋವು ಬಂತು. ಕುರ್ಚಿಗೆ ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು ರಸ್ತೆಗೆ ತಂದೆವು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ಇಳಿಜಾರಿನಲ್ಲಿ ಮುಂದಿನವನ ಕಾಲು ಜಾರಿದ ಆ ಒಂದು ಕ್ಷಣ ನನಗೆ ಇವತ್ತಿಗೂ ಮರೆತಿಲ್ಲ. ಮುಂದಿನ ಮಳೆಗಾಲದ ಒಳಗೆ ಗಾಡಿ ತರಲೇಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ನನ್ನ ಅಕ್ಕನ ಮಗ ಎಟಿವಿ ತಗೊಳ್ಳಿ ಮಾವ ಅಂದ. ಬೈಕಿನ ಹಾಗೆ ಹ್ಯಾಂಡಲ್ ಇರುವ, ದಪ್ಪ ಟಯರಿನ ನಾಲ್ಕು ಚಕ್ರದ ಸಣ್ಣ ಗಾಡಿ ಅದು. ಹೊರದೇಶಗಳಲ್ಲಿ ಅದರ ಮುಂದೆ ಬ್ಲೇಡ್ ಕಟ್ಟಿ ಹಿಮ ತಳ್ಳುತ್ತಾರೆ, ಕಾಡುದಾರಿಯಲ್ಲೂ ಓಡಿಸುತ್ತಾರೆ. ತೋಟದ ಒಳಗೆ ಓಡಾಡಲು ಅದು ಒಳ್ಳೇ ಗಾಡಿಯೇ. ಆದರೆ ನಮ್ಮಲ್ಲಿ ಅದನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ನನಗೆ ಬೇಕಿದ್ದದ್ದು ಚೀಲ ಹೊತ್ತು ಏರು ಹತ್ತಿ, ಅದೇ ಗಾಡಿಯಲ್ಲಿ ಸೋಮವಾರಪೇಟೆ ಆಸ್ಪತ್ರೆಯ ಬಾಗಿಲಿಗೂ ಹೋಗುವಂಥದ್ದು. ಹಾಗಾಗಿ ಹಳೇ ಮಹೀಂದ್ರ ಫೋರ್ ವೀಲ್ ಜೀಪು, ಅಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು, ಹುಡುಕಲು ಹೊರಟೆ.

ಮೊದಲು ನೋಡಿದ ಜೀಪು ಕಣ್ಣಿಗೆ ಬಹಳ ಚೆಂದ ಇತ್ತು. ಹೊಸ ಹಸಿರು ಪೇಂಟ್, ದಪ್ಪ ಟಯರ್, ಮುಂದೆ ಹೂತಾಗ ಎಳೆಯುವ ವಿಂಚ್. ಮನಸ್ಸು ಆಗಲೇ ಒಪ್ಪಿಬಿಟ್ಟಿತ್ತು. ಪುಣ್ಯಕ್ಕೆ ನಮ್ಮ ಗಾಡಿ ರಿಪೇರಿಯ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಮೂವತ್ತು ವರ್ಷದಿಂದ ಜೀಪು ಬಿಟ್ಟು ಬೇರೆ ಗಾಡಿಗೆ ಅವರು ಕೈ ಹಾಕಿದವರಲ್ಲ. ಅವರು ಬಾನೆಟ್ ಕಡೆ ನೋಡಲೇ ಇಲ್ಲ. ಗೋಣಿಚೀಲ ಹಾಸಿ ಸೀದಾ ಗಾಡಿ ಅಡಿಗೆ ಹೋದರು. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಇಡೀ ಗಾಡಿ ಕೂರುವ ಕಬ್ಬಿಣದ ಚೌಕಟ್ಟಾದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಗೇಣು ಗೇಣಿಗೆ ತಟ್ಟುತ್ತಾ ಹೋದರು. ಠಣ್, ಠಣ್, ಠಣ್. ಹಿಂದಿನ ಕಮಾನು ಪಟ್ಟಿ (ಸ್ಪ್ರಿಂಗ್) ಕೂರುವ ಜಾಗಕ್ಕೆ ಬಂದಾಗ ಸದ್ದು ‘ದಬ್’ ಅಂತ ಬಂತು. ಮತ್ತೆ ತಟ್ಟಿದರು, ಮತ್ತೆ ದಬ್. ಸ್ಕ್ರೂ ಡ್ರೈವರ್ ಒತ್ತಿದರೆ ತುದಿ ಒಳಗೇ ಹೋಯಿತು. ಪೇಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ತುಕ್ಕಿನ ಪುಡಿ.

"ಅಣ್ಣಾ, ಇಂಜಿನ್ ಕೆಟ್ರೆ ನಾನು ಮಾಡಿ ಕೊಡ್ತೀನಿ. ಗೇರ್ ಬಾಕ್ಸ್ ಹೋದ್ರೂ ಮಾಡ್ಬಹುದು. ಚಾಸಿ ಹೋದ್ರೆ ಆ ಗಾಡಿನೇ ಬೇಡ" ಅಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ನೋಡಿದ ಆರು ಜೀಪುಗಳಿಗೂ ಸುತ್ತಿಗೆಯೇ ಮೊದಲು, ಕೀ ಆಮೇಲೆ. ಚಾಸಿಯ ಟೊಳ್ಳಿನೊಳಗೆ ಕೆಸರು ಹೋಗಿ ಕೂರುತ್ತೆ. ವರ್ಷಗಟ್ಟಲೆ ಒದ್ದೆಯಾಗಿಯೇ ಇದ್ದು ಒಳಗಿನಿಂದ ತಿನ್ನುತ್ತೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಕೂರುವ ತಟ್ಟೆಯ ಕೆಳಗೂ ನೋಡಿ. ಅಲ್ಲಿ ಆಸಿಡ್ ಸೋರಿ ಕಬ್ಬಿಣ ಹೋಗಿರುತ್ತೆ. ಕರಾವಳಿಯಲ್ಲಿ ಓಡಿದ ಗಾಡಿ ಆದರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಇನ್ನೊಂದು ಜೀಪಿನ ವಿಷಯ ಹೇಳಲೇಬೇಕು. ಮಾರುವವರು ಫೋರ್ ವೀಲ್ ಅಂತಲೇ ಹೇಳಿದ್ದರು. ಒಳಗೆ ಫೋರ್ ವೀಲ್ ಹಾಕುವ ಸಣ್ಣ ಲಿವರ್ ಕೂಡ ಇತ್ತು. ಅಡಿಗೆ ಬಗ್ಗಿ ನೋಡಿದರೆ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಡೀಸೆಲ್ ಉಳಿಯುತ್ತೆ, ಕ್ರಾಸ್ (ಶಾಫ್ಟಿನ ಕೀಲು) ಸವೆಯುವುದಿಲ್ಲ ಅಂತ ಎಷ್ಟೋ ಜನ ಅದನ್ನು ಬಿಚ್ಚಿ ಮೂಲೆಗೆ ಹಾಕಿರುತ್ತಾರೆ. ಆಮೇಲೆ ಅದು ಗುಜರಿಗೆ ಹೋಗಿರುತ್ತೆ. ಲಿವರ್ ಇದ್ದ ಮಾತ್ರಕ್ಕೆ ಫೋರ್ ವೀಲ್ ಆಗುವುದಿಲ್ಲ. ಜೀಪನ್ನು ಮಣ್ಣಿನ ಮೇಲೆ ನಿಲ್ಲಿಸಿ, ಫೋರ್ ವೀಲ್‌ಗೆ ಹಾಕಿಸಿ, ಮುಂದಿನ ಚಕ್ರವೂ ಮಣ್ಣು ಕೆರೆಯುತ್ತಾ ಅಂತ ಕಣ್ಣಾರೆ ನೋಡಬೇಕು. ಮುಂದಿನ ಚಕ್ರದ ನಡುವಿನ ಹಬ್‌ನಲ್ಲಿ ತಿರುಗಿಸುವ ಲಾಕ್ ಇದ್ದರೆ ಅದನ್ನು ಲಾಕ್ ಮಾಡಿಯೇ ನೋಡಬೇಕು. ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಕೂಡ ಬೇರೆಯಾಗಿ ಹಾಕಿಸಿ. ಏರಿನಲ್ಲಿ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಒಳಗೆ ಹಲ್ಲು ಸವೆದಿದೆ ಅಂತ ಅರ್ಥ.

ಕೊನೆಗೆ 2022ರ ಮಾರ್ಚ್‌ನಲ್ಲಿ ಸಿಕ್ಕಿದ್ದು 1996ರ ಎಂಎಂ 540. ನಮ್ಮ ಕಡೆ ಪೂಜೋ ಇಂಜಿನ್ ಅಂತ ಕರೆಯುವ 2112 ಸಿಸಿ ಡೀಸೆಲ್ ಇಂಜಿನ್. ಇನ್ನೊಂದು ಕಾಫಿ ತೋಟದಲ್ಲೇ ಇದ್ದ ಗಾಡಿ. ಪೇಂಟ್ ಮಾಸಿತ್ತು, ಹುಡ್ ಹರಿದಿತ್ತು, ಸೀಟಿಗೆ ಗೊಬ್ಬರದ ಚೀಲ ಹೊದಿಸಿದ್ದರು. ಸುತ್ತಿಗೆಗೆ ಮಾತ್ರ ಚಾಸಿ ಉದ್ದಕ್ಕೂ ಠಣ್ ಅಂತಲೇ ಅಂದಿತು.

ಬೆಳಿಗ್ಗೆ ಆರೂವರೆಗೆ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿದ್ದೆ. ಹಳೇ ಡೀಸೆಲ್ ಇಂಜಿನ್ನಿನ ಆರೋಗ್ಯ ಗೊತ್ತಾಗುವುದು ತಣ್ಣಗಿದ್ದಾಗ ಮಾತ್ರ. ಬಾನೆಟ್ ಮೇಲೆ ಕೈ ಇಟ್ಟೆ, ಇಬ್ಬನಿಯ ತಂಪು ಇತ್ತು. ಹೀಟರ್ ಕೊಟ್ಟು ಸ್ವಲ್ಪ ಕಾದು ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೆ ಹಿಡಿಯಿತು. ಮೊದಲು ಬಂದ ಬಿಳಿ ಹೊಗೆ ಬಿಸಿಯಾದ ಹಾಗೆ ನಿಂತಿತು. ನೀಲಿ ಹೊಗೆ ಬಂದಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಆಮೇಲೆ ಮೇಸ್ತ್ರಿ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು. ತೆಳುವಾಗಿ ಉಸಿರಿನಂತೆ ಬಂದರೆ ಪರವಾಗಿಲ್ಲ. ರೈಲು ಇಂಜಿನ್ ಹಾಗೆ ಭುಸ್ ಭುಸ್ ಅಂತ ಹೊಗೆ ತಳ್ಳಿದರೆ ರಿಂಗ್ ಪಿಸ್ಟನ್ ಹೋಗಿದೆ. ಇದರಲ್ಲಿ ಸಣ್ಣಗೆ ಬರುತ್ತಿತ್ತು.

ಮುಂದಿನ ಚಕ್ರ ಜಾಕಿ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಲಗಡೆ ಆಟ (ಸಡಿಲ) ಇತ್ತು. ನಕಲ್ ಸೀಲ್ (ಚಕ್ರ ತಿರುಗುವ ಕೀಲಿನಿಂದ ಎಣ್ಣೆ ಸೋರದಂತೆ ತಡೆಯುವ ಪಟ್ಟಿ) ಹೋಗಿ ಗ್ರೀಸ್ ಎಣ್ಣೆ ಚಕ್ರದ ಒಳಭಾಗಕ್ಕೆಲ್ಲ ಹರಡಿತ್ತು. ಸ್ಟೇರಿಂಗ್‌ನಲ್ಲೂ ಆಟ ಜಾಸ್ತಿ. ಇವೆಲ್ಲ ರಿಪೇರಿ ಆಗುವಂಥವು. ದರ ಇಳಿಸಲು ಮಾತನಾಡುವಾಗ ಇವನ್ನೇ ಮುಂದಿಟ್ಟೆ.

ಕೊನೆಯ ಪರೀಕ್ಷೆ ಮಾತ್ರ ನನ್ನದೇ. ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣ ಮಾಡುವ 200 ಲೀಟರಿನ ಡ್ರಮ್ ಅವರ ಕಣದಲ್ಲೇ ಇತ್ತು. ಅದನ್ನು ಜೀಪಿನ ಹಿಂದೆ ಇಡಿಸಿ, ಪೈಪಿನಿಂದ ನೀರು ತುಂಬಿಸಿ, ಹಗ್ಗ ಕಟ್ಟಿ ತೋಟದ ಏರಿಗೆ ಓಡಿಸಿ ಅಂದೆ. 200 ಕೆ.ಜಿ. ಭಾರಕ್ಕೆ ಕ್ಲಚ್ ಜಾರುತ್ತಾ, ಇಂಜಿನ್ ಬಿಸಿ ಏರುತ್ತಾ ಎಲ್ಲಾ ಗೊತ್ತಾಗುತ್ತೆ. ಖಾಲಿ ಜೀಪು ಯಾವ ಏರನ್ನಾದರೂ ಹತ್ತೀತು. ನಮ್ಮ ಕೆಲಸ ಖಾಲಿ ಜೀಪಿನಲ್ಲಿ ಆಗುವುದಿಲ್ಲ ಅಲ್ವಾ? ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿಸಿದೆ. ಕ್ಲಚ್ ಸುಟ್ಟ ವಾಸನೆ ಬರಲಿಲ್ಲ. ಇಳಿಯುವಾಗ ಲೋ ಫಸ್ಟ್ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಿತು. ಅವತ್ತೇ ಒಪ್ಪಿಕೊಂಡೆ. ಕೇಳಿದ್ದು 2,60,000, ಕೊಟ್ಟಿದ್ದು 2,25,000.

ದುಡ್ಡು ಕೊಡುವ ಮೊದಲು ಕಾಗದ ನೋಡುವುದರಲ್ಲಿ ಒಂದಿಡೀ ದಿನ ಹೋಯಿತು, ಆ ದಿನ ಹೋಗಲೇಬೇಕು. ಆರ್‌ಸಿ, ಅಂದರೆ ನೋಂದಣಿ ಪತ್ರದಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲೆ ತಂತಿ ಬ್ರಷ್‌ನಲ್ಲಿ ಉಜ್ಜಿ ಓದಿದೆವು. ಇಂಜಿನ್ ನಂಬರೂ ಹಾಗೆಯೇ. ಹಳೇ ಜೀಪುಗಳಲ್ಲಿ ಇಂಜಿನ್ ಬದಲಾಯಿಸಿರುವುದು ಮಾಮೂಲು. ಬದಲಾಯಿಸಿದ್ದು ಆರ್‌ಸಿಯಲ್ಲಿ ಏರಿರದಿದ್ದರೆ ನಿಮ್ಮ ಹೆಸರಿಗೆ ಮಾಡಿಸುವಾಗ ಕಷ್ಟ. ಇನ್ನೊಂದು, 15 ವರ್ಷ ದಾಟಿದ ಸ್ವಂತ ಗಾಡಿಗೆ ಎಫ್‌ಸಿ (ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ರಿನ್ಯೂವಲ್ ಆಗಬೇಕು. ನನ್ನದು 2021ರಲ್ಲಿ ಆಗಿತ್ತು, 2026ರವರೆಗೆ ಚಿಂತೆ ಇರಲಿಲ್ಲ. ಹೆಸರು ಬದಲಾಯಿಸುವ ಅರ್ಜಿಗಳಾದ ಫಾರಂ 29, 30ಕ್ಕೆ ಮಾರಿದವರ ಸಹಿ ದುಡ್ಡು ಕೊಡುವ ಹೊತ್ತಿಗೇ ಹಾಕಿಸಿಕೊಂಡೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತೆ, ಅದನ್ನೂ ನೋಡಿ. ನನ್ನ ಪರಿಚಯದವರೊಬ್ಬರು ಅದೊಂದಕ್ಕೆ ಎಂಟು ತಿಂಗಳು ಓಡಾಡಿದರು.

ರಿಪೇರಿಗೆ ಇನ್ನೂ 48,000 ಆಯಿತು. ಎರಡೂ ಕಡೆ ನಕಲ್ ಸೀಲ್, ಬೇರಿಂಗ್, ಸ್ಟೇರಿಂಗ್ ಎಂಡ್‌ಗಳು, ಬ್ರೇಕ್, ನಾಲ್ಕು ಟಯರ್. ಹಳೇ ಜೀಪಿಗೆ ಕೊಳ್ಳುವ ದುಡ್ಡಿನ ಐದನೇ ಒಂದು ಭಾಗವನ್ನಾದರೂ ಬೇರೆಯಾಗಿ ತೆಗೆದಿಡಿ. ಪೇಂಟ್ ಮಾಡಿಸಲಿಲ್ಲ. ಚಾಸಿಯ ಒಳಗೆ ನೀರು ಹೊಡೆಸಿ, ಕೆಸರು ತೆಗೆಸಿ, ಒಣಗಿದ ಮೇಲೆ ಹಳೇ ಇಂಜಿನ್ ಆಯಿಲ್ ಹೊಡೆಸಿದೆ. ಈಗಲೂ ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡಿಸುತ್ತೇನೆ.

ಓಡಿಸುವುದು ಕಲಿಯಲು ಒಂದು ಮಳೆಗಾಲ ಹಿಡಿಯಿತು. ಕೆಸರಿಗೆ ಇಳಿಯುವ ಮೊದಲೇ ಫೋರ್ ವೀಲ್ ಹಾಕಬೇಕು. ಹೂತ ಮೇಲೆ ಹಾಕಿದರೆ ಇನ್ನೂ ಆಳಕ್ಕೆ ತೋಡಿಕೊಳ್ಳುತ್ತೆ. ಒಣಗಿದ ಟಾರ್ ರಸ್ತೆಗೆ ಬಂದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಗೇರ್‌ಗಳು ಒಂದಕ್ಕೊಂದು ಬಿಗಿದುಕೊಂಡು ಲಿವರ್ ಬರುವುದೇ ಇಲ್ಲ. ಇಳಿಜಾರಿನಲ್ಲಿ ಕ್ಲಚ್ ತುಳಿಯಲೇಬಾರದು. ಜುಲೈನಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುತ್ತೇನೆ. ಹಿಮ ಬೀಳುವ ಕಡೆ ಹಿಮಕ್ಕೆ ಕಟ್ಟುತ್ತಾರೆ, ನಮ್ಮಲ್ಲಿ ಕೆಸರಿಗೆ. ಕೆಂಪು ಮಣ್ಣು ಟಯರ್‌ನ ಗೆರೆಗಳಿಗೆ ಮೆತ್ತಿಕೊಂಡು ಚಕ್ರ ನುಣ್ಣಗೆ ಮಡಕೆ ಹಾಗೆ ಆದಾಗ ಹಿಡಿತ ಕೊಡುವುದು ಆ ಚೈನ್ ಒಂದೇ.

ಹೋದ ಆಗಸ್ಟ್‌ನಲ್ಲಿ ತೋಡಿನ ಪಕ್ಕದ ಸಿಲ್ವರ್ ಓಕ್ ದಾರಿಗೆ ಅಡ್ಡ ಬಿತ್ತು. ಮಳೆ ಸುರಿಯುತ್ತಲೇ ಇತ್ತು, ಕಾಲಿಗೆಲ್ಲ ಜಿಗಣೆ. ಮರವನ್ನು ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ಸರಪಳಿ ಹಾಕಿ, ಲೋ ಗೇರಿನಲ್ಲಿ ನಿಧಾನ ಎಳೆದು ಬದಿಗೆ ಹಾಕಿದೆವು. ಎರಡು ಗಂಟೆಯಲ್ಲಿ ದಾರಿ ಬಿಟ್ಟಿತು. ಮಳೆ ಬಿಟ್ಟ ಭಾನುವಾರಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೋಟೆಬೆಟ್ಟದ ಕಡೆ ಹೋಗುತ್ತೇನೆ. ಅವತ್ತು ಕುರ್ಚಿಯಲ್ಲಿ ಹೊತ್ತು ತಂದೆವಲ್ಲ, ಆ ತಾಯಿಯ ಮಗನಿಗೆ ಈಗ ಹಿಂದಿನ ಸೀಟಿನಲ್ಲಿ ಖಾಯಂ ಜಾಗ. ಎಡಗಡೆ ನಕಲ್ ಸೀಲ್ ಮತ್ತೆ ಸ್ವಲ್ಪ ಒಸರಲು ಶುರುವಾಗಿದೆ. ಮಳೆಗಾಲದ ಮೊದಲು ಮೇಸ್ತ್ರಿಗೆ ತೋರಿಸಬೇಕು.