ಫುಲ್ ಮೂನ್ ಪಾರ್ಟಿಗೆ ಹೊರಟವರಿಗೆ: ಶೂ ಮರೆಯಬೇಡಿ

ಕಾರವಾರದಿಂದ ಥಾಯ್ಲೆಂಡ್‌ನ ಕೊ ಫಂಗಾನ್ ದ್ವೀಪಕ್ಕೆ, ಹುಣ್ಣಿಮೆ ಹೊತ್ತಿಗೆ ಕಡಲತೀರದಲ್ಲಿ ರಾತ್ರಿಯಿಡೀ ನಡೆಯೋ ಫುಲ್ ಮೂನ್ ಪಾರ್ಟಿಗೆ ಹೊರಟವರು ನಮ್ಮ ಗುಂಪಿನಲ್ಲೇ ಇದ್ದೀರಲ್ಲ, ಟಿಕೆಟ್ ಮಾಡೋ ಮೊದಲು ಒಂದು ಮಾತು. ಗೋಡೆ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿ ದಿನ ಹಾಕಬೇಡಿ. ಅಲ್ಲಿ ಬೌದ್ಧರ ಕೆಲವು ಹಬ್ಬಗಳೂ ಹುಣ್ಣಿಮೆಗೇ ಬರುತ್ತವೆ, ಆಗ ಪಾರ್ಟಿ ದಿನ ಆಚೀಚೆ ಆಗುತ್ತದೆ. ಅಲ್ಲಿ ರೂಮು ಕೊಡುವವರನ್ನೇ ಕೇಳಿ.

ಮುಖ್ಯ ವಿಷಯ ಕಾಲಿನದು. ಕಾರವಾರದ ಟಾಗೋರ್ ಬೀಚಿನಲ್ಲಿ ಬರಿಗಾಲಲ್ಲಿ ನಡೆದು ರೂಢಿ ನಮಗೆ, ಅಲ್ವಾ? ಪಾರ್ಟಿ ನಡೆಯೋ ಹಾದ್ ರಿನ್ ತೀರದಲ್ಲಿ ಮಧ್ಯರಾತ್ರಿ ಹೊತ್ತಿಗೆ ಮರಳಿನಲ್ಲಿ ಬಾಟಲಿ ಚೂರು ಇರುತ್ತದೆ. ನನ್ನ ಹಿಮ್ಮಡಿಗೆ ಹೊಕ್ಕಿದ್ದು ಒಂದು ಹಸಿರು ಗಾಜು, ಏಡಿ ಕೊಂಡಿಯಷ್ಟು. ಕುಣಿಯೋ ಗಮ್ಮತ್ತಿನಲ್ಲಿ ಗೊತ್ತೇ ಆಗಲಿಲ್ಲ. ಮರಳು ಕೆಂಪಾದ ಮೇಲೆ ನೋಡಿದ್ದು. ಹವಾಯಿ ಚಪ್ಪಲಿ ಸಾಲದು, ಕಳಚಿ ಹೋಗುತ್ತದೆ. ಹಳೇ ಕ್ಯಾನ್ವಾಸ್ ಶೂ ಒಯ್ಯಿರಿ.

ಅಲ್ಲಿನ 'ಬಕೆಟ್' ಅಂದರೆ ಮಕ್ಕಳು ಮರಳಾಟಕ್ಕೆ ಹಿಡಿಯುವಂಥ ಪ್ಲಾಸ್ಟಿಕ್ ಬಕೆಟ್ಟೇ. ಮದ್ಯ, ಸೋಡಾ, ಎನರ್ಜಿ ಡ್ರಿಂಕ್ ಎಲ್ಲ ಸೇರಿಸಿ ಕೊಡುತ್ತಾರೆ. ಸಿಹಿಯಾಗಿರುವುದರಿಂದ ಏರಿದ್ದೇ ತಿಳಿಯುವುದಿಲ್ಲ. ಮೂವರು ಸೇರಿ ಒಂದು ಸಾಕು. ಎಲ್ಲೋ ಇಟ್ಟು ಬಂದ ಬಕೆಟ್ ಮತ್ತೆ ಮುಟ್ಟಬೇಡಿ. ಬೆಂಕಿ ಹಚ್ಚಿದ ಹಗ್ಗ ಜಿಗಿಯೋ ಆಟವನ್ನು ದೂರದಿಂದ ನೋಡಿದರೇ ಚಂದ.

ಬಾಡಿಗೆ ಬೈಕಿಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ವಾಪಸ್ ಬರಲು ಸೊಂಗ್‌ಥಾವ್ ಸಿಗುತ್ತದೆ, ಥೇಟ್ ನಮ್ಮ ಟೆಂಪೊ ತರ. ಹತ್ತುವ ಮೊದಲೇ ದರ ಮಾತಾಡಿ.