ಸಣ್ಣ ತೊಂದರೆಯನ್ನು ಸಣ್ಣದಾಗಿಯೇ ಇರಿಸಿಕೊಳ್ಳುವ ಬಗೆ

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಮನೋವೈದ್ಯರಿಬ್ಬರು ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕಗಳನ್ನು ಕೊಟ್ಟು ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಬಾಳಸಂಗಾತಿಯ ಸಾವಿಗೆ 100 ಅಂಕ, ಮೇಲಧಿಕಾರಿಯೊಡನೆ ತಕರಾರಿಗೆ 23 ಅಂಕ, ಪಟ್ಟಿಯ ಕೊನೆಯಲ್ಲಿರುವ ಟ್ರಾಫಿಕ್ ದಂಡದಂಥ ಸಣ್ಣ ಕಾನೂನು ಉಲ್ಲಂಘನೆಗೆ 11 ಅಂಕ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ದಂಡ ಕಟ್ಟಿ ಬಂದವರು ದಿನವಿಡೀ ಮನೆಮಂದಿಯ ಮೇಲೆ ಹರಿಹಾಯುವುದನ್ನು ಕಂಡವರಿಗೆ ಈ 11 ತೀರ ಕಡಿಮೆಯಾಯಿತು ಎನ್ನಿಸಿದರೆ ಆಶ್ಚರ್ಯವಿಲ್ಲ.

1981ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಲಜಾರಸ್ ಮತ್ತು ಅವರ ಸಂಗಡಿಗರು ಬೇರೆಯದೇ ಒಂದು ಪಟ್ಟಿಯನ್ನು ಮುಂದಿಟ್ಟರು. ವಸ್ತುಗಳನ್ನು ಎಲ್ಲೋ ಇಟ್ಟು ಮರೆಯುವುದು, ಸಾಮಾನುಗಳ ಬೆಲೆ ಏರುವುದು, ಮನೆಯ ರಿಪೇರಿ, ಮುಗಿಯದಷ್ಟು ಕೆಲಸ ಎಂಬಂಥ 117 ನಿತ್ಯದ ಕಿರಿಕಿರಿಗಳು ಅದರಲ್ಲಿದ್ದವು. ಮಧ್ಯವಯಸ್ಕರ ಒಂದು ಗುಂಪನ್ನು ಹಲವು ತಿಂಗಳು ಗಮನಿಸಿದಾಗ, ಯಾರ ಮನಸ್ಸು ಬಳಲುತ್ತದೆ ಎಂಬುದನ್ನು ಬದುಕಿನ ದೊಡ್ಡ ಘಟನೆಗಳಿಗಿಂತ ಈ ಚಿಲ್ಲರೆ ಕಿರಿಕಿರಿಗಳ ಒಟ್ಟು ಮೊತ್ತವೇ ಹೆಚ್ಚು ಸರಿಯಾಗಿ ತೋರಿಸಿತು. ಹನಿಗೂಡಿದರೆ ಹಳ್ಳವೆಂಬುದು ಇಲ್ಲಿಯೂ ನಿಜ. ಆದ್ದರಿಂದ ‘ಇದೆಲ್ಲ ಏನು ಮಹಾ’ ಎಂದು ತಳ್ಳಿಹಾಕುವುದು ಒತ್ತಡವನ್ನು ನಿಭಾಯಿಸುವ ಕ್ರಮವಲ್ಲ. ಪ್ರತಿಯೊಂದು ತೊಂದರೆಯನ್ನೂ ಬಿಡಿಯಾಗಿ ತೆಗೆದು ಅದರ ನಿಜವಾದ ಅಳತೆಯನ್ನು ನೋಡಬೇಕು, ಅದರ ಮೇಲೆ ಹೇರಿಕೊಂಡಿರುವ ಬೇರೆ ಭಾರವನ್ನು ಇಳಿಸಿ ಪಕ್ಕಕ್ಕಿಡಬೇಕು. ಇದನ್ನು ಮಾಡುವುದು ಹೇಗೆಂಬುದಷ್ಟೇ ಇಲ್ಲಿಯ ವಿಷಯ.

ಮೊದಲು ದೇಹಕ್ಕೆ ಸ್ವಲ್ಪ ಕಾಲಾವಕಾಶ ಬೇಕು. ಸಿಟ್ಟು ಅಥವಾ ಗಾಬರಿ ಬಂದ ಕ್ಷಣದಲ್ಲಿಯೇ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ. ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ನಿಧಾನವಾಗಿ ಏರಿ, ಸುಮಾರು 20ರಿಂದ 30 ನಿಮಿಷಗಳ ನಂತರ ತನ್ನ ತುದಿಯನ್ನು ಮುಟ್ಟುತ್ತದೆ. ಎಂದರೆ, ಜಗಳ ಮುಗಿಯಿತೆಂದು ನಾವು ಭಾವಿಸಿದ ಹೊತ್ತಿಗೂ ದೇಹ ಇನ್ನೂ ಜಗಳದಲ್ಲಿಯೇ ಇರಬಹುದು. ಈ ಅರ್ಧ ಗಂಟೆಯಲ್ಲಿ ವಾಟ್ಸ್ಆ್ಯಪ್ ಸಂದೇಶ ಕಳಿಸುವುದಾಗಲಿ, ಕೆಲಸ ಬಿಡುವ ನಿರ್ಧಾರ ಮಾಡುವುದಾಗಲಿ, ಹಳೆಯ ಲೆಕ್ಕಗಳನ್ನು ಕೆದಕುವುದಾಗಲಿ ಬೇಡ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ ಕೆಲವು ನಿಮಿಷ ಇದ್ದರೆ ಎದೆಬಡಿತ ಇಳಿಯುತ್ತದೆ. ಆ ಬಳಿಕವಷ್ಟೇ ಯೋಚನೆಗೆ ಕೈಹಾಕಬೇಕು.

ಯೋಚನೆಯ ಮೊದಲ ಹೆಜ್ಜೆ ನಡೆದದ್ದನ್ನು ಮಹಜರಿನಲ್ಲಿ ಬರೆಯುವಂತೆ ಬರೆಯುವುದು. ಕಂಡದ್ದು ಮಾತ್ರ ಇರಬೇಕು, ಊಹೆಗೂ ಆರೋಪಕ್ಕೂ ಅಲ್ಲಿ ಜಾಗವಿಲ್ಲ. ಶಾಲೆಯಿರುವ ಒಂದು ದಿನದ ಬೆಳಿಗ್ಗೆಯನ್ನು ತೆಗೆದುಕೊಳ್ಳೋಣ. ಗಂಟೆ ಏಳು ದಾಟಿದೆ, ಕಾವಲಿಯ ಮೇಲೆ ಮೂರನೆಯ ದೋಸೆ ಹರಡಿದೆ, ಉರಿ ನೀಲಿಯಿಂದ ಕೆಂಪಿಗೆ ತಿರುಗಿ ಒಮ್ಮೆ ನಡುಗಿ ಆರುತ್ತದೆ. ಮೂಲೆಯಲ್ಲಿರುವ ಇನ್ನೊಂದು ಸಿಲಿಂಡರನ್ನು ಎತ್ತಿ ನೋಡಿದರೆ ಅದೂ ಹಗುರ, ಅದನ್ನು ಯಾರೂ ಬುಕ್ ಮಾಡಿಲ್ಲ. ಅರ್ಧ ಗಂಟೆಯಲ್ಲಿ ಶಾಲೆಯ ವ್ಯಾನು ಬರುತ್ತದೆ. ಆಗ ಬಾಯಿಗೆ ಬರುವ ಮಾತು, ‘ಈ ಮನೆಯಲ್ಲಿ ಒಬ್ಬರಿಗೂ ಜವಾಬ್ದಾರಿಯಿಲ್ಲ, ಎಲ್ಲವನ್ನೂ ನಾನೇ ನೋಡಬೇಕು’ ಎಂಬುದು. ಮಹಜರಿಗೆ ಸೇರುವ ಸಂಗತಿಗಳಾದರೋ ಮೂರೇ: ಗ್ಯಾಸ್ ಖಾಲಿಯಾಗಿದೆ, ಇನ್ನೊಂದು ಸಿಲಿಂಡರ್ ಬಂದಿಲ್ಲ, ಡಬ್ಬಿಗೆ ಎರಡು ದೋಸೆ ಆಗಿವೆ. ಹೀಗೆ ಬಿಡಿಸಿಟ್ಟಾಗ ಪರಿಹಾರವೂ ಅದೇ ಅಳತೆಯಲ್ಲಿ ಕಾಣುತ್ತದೆ. ಎರಡು ದೋಸೆಯೊಡನೆ ಒಂದು ಬಾಳೆಹಣ್ಣು ಮಗುವಿಗೆ ಸಾಕು, ದೊಡ್ಡವರಿಗೆ ತೆಳು ಅವಲಕ್ಕಿಯನ್ನು ಮೊಸರಿನಲ್ಲಿ ಕಲಸಿದರಾಯಿತು, ಅದಕ್ಕೆ ಒಲೆಯೇ ಬೇಕಿಲ್ಲ. ಒಗ್ಗರಣೆ ಇಲ್ಲವೆಂಬುದೊಂದೇ ಅಂದಿನ ನಷ್ಟ.

ಆದರೆ ‘ಎಲ್ಲವನ್ನೂ ನಾನೇ ನೋಡಬೇಕು’ ಎಂಬ ಮಾತು ಸುಳ್ಳೆಂದು ಇದರಿಂದ ತೀರ್ಮಾನಿಸಬಾರದು. ಬಹಳ ಮನೆಗಳಲ್ಲಿ ಅದು ಅಕ್ಷರಶಃ ನಿಜ. ಗ್ಯಾಸ್ ಬುಕಿಂಗ್, ನೀರಿನ ಟ್ಯಾಂಕರಿಗೆ ಫೋನು, ಕೆಲಸದವರ ರಜೆ, ಅತ್ತೆಯವರ ಬಿ.ಪಿ. ಮಾತ್ರೆ, ಮಗಳ ಪ್ರಾಜೆಕ್ಟಿನ ಚಾರ್ಟ್ ಪೇಪರು, ಇವೆಲ್ಲ ಒಬ್ಬಳದೇ ತಲೆಯಲ್ಲಿ ಓಡುತ್ತಿರುತ್ತವೆ. ಇದಾವುದನ್ನೂ ಹೊರದ ಗಂಡ ಪೇಪರಿನಿಂದ ತಲೆಯೆತ್ತಿ, ‘ಇಷ್ಟಕ್ಕೆಲ್ಲ ಯಾಕೆ ಟೆನ್ಶನ್ ಮಾಡ್ಕೋತೀಯ’ ಎಂದು ಕೇಳಿ ಸಮಾಧಾನಿ ಎಂಬ ಹೆಸರು ಪಡೆಯುತ್ತಾನೆ. ಸಿಲಿಂಡರಿನ ಮಾತು ಬೇರೆ, ಕೆಲಸದ ಹಂಚಿಕೆಯ ಮಾತು ಬೇರೆ. ಮೊದಲನೆಯದು ಸಣ್ಣದು, ಅಂದೇ ಮುಗಿಯುವಂಥದು. ಎರಡನೆಯದು ಸಣ್ಣದಲ್ಲ, ದೋಸೆ ಹಿಟ್ಟಿನ ಕೈಯಲ್ಲಿ, ವ್ಯಾನಿನ ಹಾರನ್ನಿನ ನಡುವೆ ಅದು ಬಗೆಹರಿಯುವುದೂ ಇಲ್ಲ. ಅದನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟು, ಭಾನುವಾರ ಕಾಫಿಯ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು, ಯಾವ ಕೆಲಸ ಇನ್ನು ಮುಂದೆ ಯಾರದು ಎಂದು ಹೆಸರಿಟ್ಟು ಹಂಚಬೇಕು. ಹೀಗೆ ಹಂಚಿದ ಕೆಲಸವನ್ನು ‘ನೆನಪು ಮಾಡುವ’ ಹೊಣೆಯೂ ಅದನ್ನು ವಹಿಸಿಕೊಂಡವರದೇ ಆಗಿರಬೇಕು. ಇಲ್ಲದಿದ್ದರೆ ಭಾರ ಒಂದು ಗುಂಜಿಯಷ್ಟೂ ಇಳಿಯುವುದಿಲ್ಲ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ‘ಹತ್ತು ವರ್ಷದ ನಂತರ ಇದು ನೆನಪಿರುತ್ತದೆಯೇ’ ಎಂದು ಕೇಳಿಕೊಳ್ಳಬೇಕೆಂಬ ಸಲಹೆ ಬಹಳ ಪ್ರಚಲಿತವಾಗಿದೆ. ನನ್ನ ದೃಷ್ಟಿಯಲ್ಲಿ ಅದು ತೀರ ಒರಟಾದ ಅಳತೆಗೋಲು, ಏಕೆಂದರೆ ಹತ್ತು ವರ್ಷದ ಮುಂದೆ ನಿಲ್ಲಿಸಿದರೆ ಬಾಡಿಗೆಯ ಬಾಕಿಯೂ ಚಿಕ್ಕದಾಗಿಯೇ ಕಾಣುತ್ತದೆ. ಮನೆಯ ತೊಂದರೆಗೆ ಒಂದು ವಾರ, ಕಚೇರಿಯ ತೊಂದರೆಗೆ ಒಂದು ತಿಂಗಳು ಎಂಬ ಗಡುವು ಸಾಕಾಗುತ್ತದೆ. ಅಷ್ಟು ದಿನಗಳ ನಂತರವೂ ಇದಕ್ಕಾಗಿ ನಾನು ಏನಾದರೂ ಮಾಡಬೇಕಾಗಿರುತ್ತದೆಯೇ ಎಂದು ಕೇಳಿಕೊಳ್ಳಿ, ಜೊತೆಗೆ ನಷ್ಟವನ್ನು ರೂಪಾಯಿಯಲ್ಲಿ ಮತ್ತು ನಿಮಿಷಗಳಲ್ಲಿ ಬರೆಯಿರಿ. ಬಸ್ಸು ತಪ್ಪಿದ್ದು ಆಟೋ ಬಾಡಿಗೆ ಮತ್ತು ಮುಕ್ಕಾಲು ಗಂಟೆ ಎಂದು ಕಾಗದದ ಮೇಲೆ ಕಂಡಾಗ, ‘ಇವತ್ತಿನ ದಿನವೇ ಸರಿಯಿಲ್ಲ’ ಎಂಬ ಕಡ್ಡಿಯ ಗುಡ್ಡ ತಾನಾಗಿ ಕುಸಿಯುತ್ತದೆ.

ಏನೂ ಮಾಡಲಾಗದ, ಆದರೆ ಬಿಟ್ಟೂ ಹೋಗದ ಚಿಂತೆಗಳಿಗೆ ಬೇರೆ ಉಪಾಯ ಬೇಕು. ರಾತ್ರಿ ಒಂಬತ್ತೂವರೆಗೆ ಮ್ಯಾನೇಜರು ‘ನಾಳೆ ಬಂದ ಕೂಡಲೇ ನನ್ನನ್ನು ಕಾಣಿ’ ಎಂದಷ್ಟೇ ಸಂದೇಶ ಕಳಿಸುತ್ತಾರೆ. ಬೆಳಗಾಗುವ ತನಕ ಅದರಲ್ಲಿ ತಿಳಿಯುವಂಥದು ಏನೂ ಇಲ್ಲ, ನಿದ್ದೆಯೂ ಬರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿ ತೋರಿಸಿದ ಕ್ರಮವೊಂದು ಇಂಥಲ್ಲಿ ಉಪಯುಕ್ತ: ಪ್ರತಿದಿನ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಅರ್ಧ ಗಂಟೆಯನ್ನು ಚಿಂತಿಸುವುದಕ್ಕೆಂದೇ ಮೀಸಲಿಟ್ಟು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡಿ ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಇದಕ್ಕೆ ಸಂಜೆ ಆರರ ಸುಮಾರು ಒಳ್ಳೆಯದು, ಮಲಗುವ ಮುನ್ನ ಬೇಡ, ಹಾಸಿಗೆಯ ಮೇಲಂತೂ ಬೇಡವೇ ಬೇಡ. ರಾತ್ರಿಯ ಸಂದೇಶವನ್ನು ಚೀಟಿಯಲ್ಲಿ ಬರೆದು ಮರುದಿನದ ಸರದಿಗೆ ಇಟ್ಟರೆ, ಆ ಸರದಿ ಬರುವ ಹೊತ್ತಿಗೆ ವಿಷಯ ಏನೆಂಬುದು ತಿಳಿದೇ ಇರುತ್ತದೆ. ಮೊದಲ ಕೆಲವು ದಿನ ಈ ಮುಂದೂಡಿಕೆ ನಾಟಕದಂತೆ ತೋರುವುದು ಸಹಜ, ಅಭ್ಯಾಸಕ್ಕೆ ಬರಲು ಕೆಲವು ವಾರಗಳೇ ಬೇಕಾಗುತ್ತವೆ.

ಮರುಕಳಿಸುವ ತೊಂದರೆಗೆ ತಾಳ್ಮೆ ಮದ್ದಲ್ಲ, ರಿಪೇರಿಯೇ ಮದ್ದು. ಬೀಗದ ಕೈ ದಿನವೂ ಕಳೆದುಹೋಗುತ್ತಿದ್ದರೆ ಬಾಗಿಲ ಬಳಿ ಮೊಳೆ ಹೊಡೆಯಿರಿ, ಸೋರುವ ನಲ್ಲಿಗೆ ವಾಷರ್ ಹಾಕಿಸಿರಿ.

ಇನ್ನು, ಈ ಅಳತೆಯ ಪಾಠವನ್ನು ತನಗೆ ತಾನು ಹೇಳಿಕೊಳ್ಳಬಹುದೇ ಹೊರತು ಮತ್ತೊಬ್ಬರಿಗೆ ಬೋಧಿಸುವುದು ಸಾಮಾನ್ಯವಾಗಿ ತಿರುಗುಬಾಣವಾಗುತ್ತದೆ. ‘ಗಡಿಯಲ್ಲಿ ಸೈನಿಕರು ಎಷ್ಟು ಕಷ್ಟಪಡುತ್ತಾರೆ ನೋಡು’ ಎಂಬ ಹೋಲಿಕೆಯಿಂದ ಯಾರ ತಲೆನೋವೂ ಇಳಿದದ್ದಿಲ್ಲ. ಹೇಳುವವರ ಮಾತನ್ನು ಪೂರ್ತಿ ಕೇಳಿ, ‘ಈಗ ನನ್ನಿಂದ ಏನಾಗಬೇಕು’ ಎಂದು ವಿಚಾರಿಸುವುದು ಅದಕ್ಕಿಂತ ಎಷ್ಟೋ ಮೇಲು.

ಎಲ್ಲವನ್ನೂ ಸಣ್ಣದೆಂದು ನೋಡುವ ಚಟವೂ ಅಪಾಯಕಾರಿಯೇ. ಕಚೇರಿಯಲ್ಲಿ ನಿತ್ಯ ನಡೆಯುವ ಅವಮಾನ, ತೀರಿಸಲಾಗದ ಸಾಲ, ಮನೆಯೊಳಗಿನ ಹೊಡೆತ ಬಡಿತ, ಇವಾವುವೂ ಉಸಿರಾಟದಿಂದಲೋ ಚೀಟಿಯಿಂದಲೋ ಬಗೆಹರಿಯುವ ಚಿಲ್ಲರೆ ಸಂಗತಿಗಳಲ್ಲ. ಎದೆನೋವು ಬಂದರೆ ಅದನ್ನು ‘ಟೆನ್ಶನ್ ಇರಬೇಕು’ ಎಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಮರಳದಿದ್ದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ಕಾಯುತ್ತ ಕೂರದೆ ನೆರವನ್ನು ಕೇಳಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು.