ಮೀನಿನ ಹುರುಪೆ ನೋಡಿ ಕೆರೆಯ ಸ್ಥಿತಿ ತಿಳಿಯುವುದು ಹೇಗೆ?

ಬಲೆಗೆ ಬಿದ್ದ ಮೀನು ಸಣ್ಣದಿದ್ದರೆ ‘ಇನ್ನೂ ಮರಿ’ ಅಂದುಕೊಳ್ಳುತ್ತೇವೆ, ಅಲ್ವಾ? ಅದು ವಯಸ್ಸಾಗಿಯೂ ಬೆಳೆಯದೆ ಉಳಿದ ಮೀನೂ ಆಗಿರಬಹುದು. ಬರೀ ಗಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವಯಸ್ಸಿನ ಜೊತೆ ಇಟ್ಟು ನೋಡಿದಾಗ ಮಾತ್ರ ಕೆರೆ ಹೇಗಿದೆ ಅನ್ನುವುದು ತಿಳಿಯುತ್ತದೆ. ಆ ವಯಸ್ಸು ಹುರುಪೆಯಲ್ಲಿದೆ.

ಮೊದಲು ಹಿಡಿದ ದಿನ, ಮೀನಿನ ಉದ್ದ, ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ಬೆನ್ನಿನ ರೆಕ್ಕೆಯ ಕೆಳಗೆ, ಮೈಯ ಪಕ್ಕದಲ್ಲಿ ಹಾಯುವ ಗೆರೆಯ ಮೇಲ್ಭಾಗದಿಂದ ಎಂಟು-ಹತ್ತು ಹುರುಪೆ ತೆಗೆಯಿರಿ. ಒಂದೇ ಸಾಲದು. ಹಳೆಯ ಹುರುಪೆ ಉದುರಿ ಹೊಸದು ಬಂದಿದ್ದರೆ ಅದರ ನಡುಭಾಗ ಖಾಲಿ ಇರುತ್ತದೆ, ಹಿಂದಿನ ವರ್ಷಗಳ ಗುರುತೇ ಇರುವುದಿಲ್ಲ. ಅಂಥವನ್ನು ಬಿಟ್ಟುಬಿಡಿ. ಬೆಕ್ಕುಮೀನಿನ ಜಾತಿಗಳಿಗೆ ಹುರುಪೆಯೇ ಇಲ್ಲ. ಅವುಗಳ ಕಿವಿಯೊಳಗಿನ ಪುಟ್ಟ ಕಲ್ಲನ್ನೋ ರೆಕ್ಕೆಯ ಮುಳ್ಳನ್ನೋ ನೋಡಬೇಕು.

ಹುರುಪೆಯನ್ನು ಸೋಪಿನ ನೀರಲ್ಲಿ ನೆನೆಸಿ, ಬೆರಳಲ್ಲಿ ಉಜ್ಜಿ ಲೋಳೆ ತೆಗೆಯಿರಿ. ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ನಡುವಿನಿಂದ ಅಂಚಿನವರೆಗೆ ಒಂದರ ಸುತ್ತ ಒಂದು ನವಿರಾದ ಗೆರೆಗಳು ಕಾಣುತ್ತವೆ. ಮೀನು ಚೆನ್ನಾಗಿ ತಿಂದು ಬೆಳೆದ ಕಾಲದಲ್ಲಿ ಗೆರೆಗಳ ನಡುವೆ ಜಾಗ ಜಾಸ್ತಿ. ಬೆಳವಣಿಗೆ ಕುಂಠಿತವಾದಾಗ ಅವು ಒತ್ತೊತ್ತಾಗಿ ಸೇರಿ ಕಪ್ಪು ಪಟ್ಟಿಯ ಹಾಗೆ ಕಾಣುತ್ತವೆ. ಚಳಿ ಜೋರಾಗಿರುವ ಕಡೆ ವರ್ಷಕ್ಕೊಂದು ಪಟ್ಟಿ. 1898ರಲ್ಲಿ ಹಾಫ್‌ಬಾವರ್ ಎಂಬ ಸಂಶೋಧಕರು ಕಾರ್ಪ್ ಮೀನಿನಲ್ಲಿ ಇದನ್ನೇ ಹಿಡಿದು ವಯಸ್ಸು ಹೇಳಿದರು. ಬೆಚ್ಚಗಿನ ಪ್ರದೇಶದಲ್ಲಿ ಮಾತ್ರ ಹುಷಾರು. ಅಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ, ಮೊಟ್ಟೆ ಇಡುವಾಗ ಕೂಡ ಪಟ್ಟಿ ಬೀಳಬಹುದು. ಪ್ರತಿ ತಿಂಗಳೂ ಮೀನು ಹಿಡಿದು, ಹುರುಪೆಯ ಅಂಚಿಗೆ ಪಟ್ಟಿ ಯಾವಾಗ ಬರುತ್ತದೆ ಅಂತ ನೋಡದೆ ‘ಇಷ್ಟು ವರ್ಷ’ ಅನ್ನಬೇಡಿ.

ಈಗ ಸುಲಭದ ಲೆಕ್ಕ. ಮೀನು 36 ಸೆಂ.ಮೀ. ಇದೆ, ಹುರುಪೆಯ ನಡುವಿನಿಂದ ಅಂಚಿಗೆ 6 ಮಿ.ಮೀ., ಮೊದಲ ಪಟ್ಟಿಗೆ 2 ಮಿ.ಮೀ. ಅನ್ನಿ. ಮೂರರಲ್ಲೊಂದು ಪಾಲು. ಅಂದರೆ ಆ ಪಟ್ಟಿ ಬಿದ್ದಾಗ ಮೀನು ಸುಮಾರು 12 ಸೆಂ.ಮೀ. ಇತ್ತು. ಮರಿಗೆ ಹುಟ್ಟುವಾಗಲೇ ಹುರುಪೆ ಇರದ ಕಾರಣ ಇದು ಅಂದಾಜು ಮಾತ್ರ, ಆದರೂ ಯಾವ ವರ್ಷ ಎಷ್ಟು ಬೆಳೆಯಿತು ಅನ್ನುವುದು ತಿಳಿಯುತ್ತದೆ.

ಒಂದು ಮೀನಿನ ಒಂದು ವರ್ಷ ಸೊರಗಿದ್ದರೆ ಅದು ಆ ಮೀನಿನ ಪಾಡು. ಬೇರೆ ಬೇರೆ ವಯಸ್ಸಿನ ಮೀನುಗಳೆಲ್ಲ ಅದೇ ವರ್ಷ ಕಡಿಮೆ ಬೆಳೆದಿದ್ದರೆ ಆ ವರ್ಷ ಕೆರೆಯಲ್ಲೇ ಏನೋ ಆಗಿದೆ. ಹುಡುಕಬೇಕಾದದ್ದು ಆ ವರ್ಷವನ್ನೇ.

ಕಾರಣಕ್ಕೆ ನೀರಿನ ದಾಖಲೆ ನೋಡಿ. ಮೊದಲು ಶಾಖ. 10 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಗೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ. ಎರಡೂ ಕಡೆಯಿಂದ ಹೊಡೆತ. ಉಸಿರು ಸಾಲದ ಮೀನು ಮೇವು ಬಿಡುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಆಮ್ಲಜನಕ ಅಳೆಯುವುದಾದರೆ ನಸುಕಿನಲ್ಲೇ ಅಳೆಯಿರಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಬಳಸುತ್ತದೆ. ಮಧ್ಯಾಹ್ನದ ಅಳತೆ ನಂಬಿದರೆ ಹಸಿರುಗಟ್ಟಿದ ಕೆರೆಯೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ನೀರಿನ ತಿಳಿ ನೋಡಲು ಕಪ್ಪು-ಬಿಳುಪಿನ 20 ಸೆಂ.ಮೀ. ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸಿ, ಕಣ್ಮರೆಯಾಗುವ ಆಳ ಬರೆದುಕೊಳ್ಳಿ. ಹೂಳಿನಿಂದ ಕದಡಿದ ನೀರಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಆಹಾರ ಸಿಗುವುದೇ ಕಷ್ಟ.

ನೀರು ಸರಿಯಿದ್ದೂ ಎಲ್ಲ ಮೀನೂ ಸಣ್ಣವಾದರೆ ದಟ್ಟಣೆ ಇರಬಹುದು. ಮೈ ಸೊರಗಿ ತಲೆ ಮಾತ್ರ ದೊಡ್ಡದಾಗಿ ಕಂಡರೆ ಮೇವು ಸಾಲುತ್ತಿಲ್ಲ. ಉಲ್ಟಾ, ಒಂದು ವರ್ಷ ಎಲ್ಲವೂ ಇದ್ದಕ್ಕಿದ್ದಂತೆ ದಪ್ಪಗೆ ಬೆಳೆದಿದ್ದರೆ ಕೂಡಲೇ ಖುಷಿಪಡಬೇಡಿ. ಅದಕ್ಕೂ ಮೊದಲು ಮೀನುಗಳ ಸಾಮೂಹಿಕ ಸಾವು ಆಗಿತ್ತೇ ಅಂತ ವಿಚಾರಿಸಿ. ಉಳಿದ ಕೆಲವಕ್ಕೆ ಮೇವೆಲ್ಲ ಸಿಕ್ಕಿದಾಗಲೂ ಹುರುಪೆಯ ಗೆರೆಗಳು ಹೀಗೇ ಅಗಲವಾಗುತ್ತವೆ.